ಬಣ್ಣ ಒಣಗುವ ತನಕದ ಮನೆ

ಕೋವಿಡ್ ಗಲಾಟೆ ಮುಗಿದು ವಿಮಾನಗಳು ಮೊದಲಿನಂತೆ ಓಡಾಡತೊಡಗಿದ ಕಾಲ. ಆಗ ನಾನು ಬಹರೈನಿನ ಒಂದು ಮೇಂಟೆನೆನ್ಸ್ ಕಂಪನಿಯಲ್ಲಿ ಪೇಂಟಿಂಗ್ ಸೂಪರ್‌ವೈಸರ್ ಆಗಿದ್ದೆ. ದೊಡ್ಡ ಹುದ್ದೆ ಅಂದುಕೊಳ್ಳಬೇಡಿ. ಉಳಿದ ಪೇಂಟರುಗಳಂತೆ ನನ್ನ ಕೈಯಲ್ಲೂ ರೋಲರ್ ಇರುತ್ತಿತ್ತು, ಅವರ ಕೆಲಸಕ್ಕೂ ನಾನೇ ಉತ್ತರ ಕೊಡಬೇಕಿತ್ತು. ಬೈಂದೂರಿನ ಕಡೆಯವನು ನಾನು, ಏಳನೆಯ ತರಗತಿ ಮುಗಿಸಿ ಬಣ್ಣದ ಕೆಲಸಕ್ಕೆ ಇಳಿದವನು. ಬರೆದು ಅಭ್ಯಾಸವಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ನನ್ನ ತಮ್ಮ ನಾಗರಾಜ ಗಲ್ಫಿನಲ್ಲಿ ಏನೋ ತಪ್ಪು ಮಾಡಿ ಓಡಿಸಿಕೊಂಡು ಬಂದ ಎಂಬ ಮಾತು ಊರಿನಲ್ಲಿ ಇವತ್ತಿಗೂ ಇದೆ. ತಪ್ಪು ಮಾಡಿದವನು ಅವನಲ್ಲ.

ಮೊದಲು ನಮ್ಮ ಕೆಲಸ ಏನೆಂದು ಹೇಳುತ್ತೇನೆ. ರಾಜಧಾನಿ ಮನಾಮದ ಅಂಚಿನ ಜುಫೈರಿನಲ್ಲಿ ಸಾಲು ಸಾಲು ಟವರ್‌ಗಳಿವೆ. ಅಲ್ಲಿ ಬಾಡಿಗೆಗೆ ಇರುವವರು ವರ್ಷಕ್ಕೋ ಎರಡು ವರ್ಷಕ್ಕೋ ಬದಲಾಗುತ್ತಾರೆ. ಒಬ್ಬರು ಖಾಲಿ ಮಾಡಿ ಇನ್ನೊಬ್ಬರು ಬರುವ ನಡುವೆ ಫ್ಲ್ಯಾಟನ್ನು ಹೊಸದರಂತೆ ಮಾಡಿಕೊಡುವ ಕೆಲಸಕ್ಕೆ ಟರ್ನೋವರ್ ಎನ್ನುತ್ತಾರೆ. ಮೊಳೆ ಹೊಡೆದ ತೂತಿಗೆ ಪುಟ್ಟಿ, ಅದರ ಮೇಲೆ ಪ್ರೈಮರ್, ಆಮೇಲೆ ಎರಡು ಕೋಟು ಬಣ್ಣ. ಮಕ್ಕಳು ಗೋಡೆಯ ಮೇಲೆ ಗೀಚಿದ ಆನೆ, ಹೂ, ಎತ್ತರ ಅಳೆದು ಹಾಕಿದ ಗೆರೆ, ಎಲ್ಲ ಹೋಗಬೇಕು. ಕೊನೆಗೆ ಸ್ನ್ಯಾಗಿಂಗ್. ಅಂದರೆ ಕಟ್ಟಡದ ಮ್ಯಾನೇಜರ್ ಬಂದು ಕುಂದು ಕಂಡಲ್ಲೆಲ್ಲ ನೀಲಿ ಟೇಪ್ ಅಂಟಿಸುವುದು. ಅದೆಲ್ಲ ಸರಿ ಮಾಡಿಕೊಟ್ಟರೆ ಹ್ಯಾಂಡೋವರ್. ಇಲ್ಲಿ ಯಾರೂ ಬದುಕಿಯೇ ಇರಲಿಲ್ಲ ಎಂದು ಕಾಣುವಂತೆ ಮಾಡುವುದಕ್ಕೇ ನಮಗೆ ಸಂಬಳ.

ನಾವು ಮಲಗುತ್ತಿದ್ದದ್ದು ಆ ಫ್ಲ್ಯಾಟುಗಳಲ್ಲೇ.

ನಮ್ಮ ಸಿಪಿಆರ್ ಎಂಬ ಗುರುತಿನ ಕಾರ್ಡಿನಲ್ಲಿ ಸಲ್ಮಾಬಾದ್ ಕಡೆಯ ಲೇಬರ್ ಕ್ಯಾಂಪಿನ ವಿಳಾಸವಿತ್ತು. ಅಲ್ಲಿ ಇದ್ದ ಮಂಚಗಳಿಗಿಂತ ಹೆಚ್ಚು ಜನರನ್ನು ಕಂಪನಿ ತಂದಿತ್ತು. ಪ್ಲಂಬರ್, ಡ್ರೈವರ್, ಎಸಿ ಮೆಕ್ಯಾನಿಕ್ ಇವರಿಗೆ ಮಂಚ ಸಿಕ್ಕಿತು, ಪೇಂಟರುಗಳಿಗೆ ಸಿಗಲಿಲ್ಲ. ನಮ್ಮ ಎಂಜಿನಿಯರ್ ಗಿರೀಶ್ ಸರ್ ದಾವಣಗೆರೆಯವರು. ಕನ್ನಡದವರು ಸಿಕ್ಕಿದರೆಂದು ಮೊದಲ ದಿನ ನಾನು ಎಷ್ಟು ಖುಷಿಪಟ್ಟಿದ್ದೆನೋ. ಅವರು ಅವತ್ತೇ ಹೇಳಿದ್ದರು: "ಕ್ಯಾಂಪ್ ಫುಲ್ ಆಗಿದೆ ಕಣಪ್ಪ. ಸದ್ಯಕ್ಕೆ ಫ್ಲ್ಯಾಟಲ್ಲೇ ಅಡ್ಜಸ್ಟ್ ಮಾಡ್ಕೊಳ್ಳಿ. ಓಡಾಟನೂ ಉಳಿಯುತ್ತೆ."

ಆ ಸದ್ಯಕ್ಕೆ ಎಂಬುದು ವರ್ಷಗಟ್ಟಲೆ ನಡೆಯಿತು. ಒಬ್ಬೊಬ್ಬರಿಗೆ ಒಂದು ಬ್ಯಾಗು, ಒಂದು ಚಾಪೆ. ಎಲ್ಲರಿಗೂ ಸೇರಿ ಒಂದು ಕುಕ್ಕರ್, ಒಂದು ಇಂಡಕ್ಷನ್ ಒಲೆ. ಜುಫೈರಿನ ಒಂದು ಟವರಿನಲ್ಲಿ ವಾರ, ಆಮೇಲೆ ಅದ್ಲಿಯಾದ ಯಾವುದೋ ವಿಲ್ಲಾ, ಅಲ್ಲಿಂದ ಈಸಾ ಟೌನ್. ಬಣ್ಣದ ಡಬ್ಬಗಳ ಜೊತೆ ನಾವೂ ಪಿಕಪ್ಪಿನ ಹಿಂದೆ ಕೂತು ಹೋಗುತ್ತಿದ್ದೆವು. ಬಣ್ಣ ಒಣಗುವ ತನಕ ಆ ಮನೆ ನಮ್ಮದು. ಕ್ಯಾಂಪಿನಲ್ಲಿ ಮಂಚವಿದ್ದವರು ನಮ್ಮನ್ನು ಕಂಡರೆ, "ಬಂದ್ರಪ್ಪ ಜುಫೈರಿನ ಸಾಹುಕಾರ್ರು. ಸಮುದ್ರ ಕಾಣುತ್ತೇನ್ರೋ ಬೆಡ್‌ರೂಮಿಂದ?" ಎಂದು ನಗುತ್ತಿದ್ದರು. ಸಮುದ್ರ ಕಾಣುತ್ತಿತ್ತು. ಎಸಿ ಹಾಕುವಂತಿರಲಿಲ್ಲ, ಕರೆಂಟಿನ ಬಿಲ್ಲು ಮಾಲೀಕರ ಹೆಸರಿಗೆ ಹೋಗುತ್ತದೆಂದು. ಬೇಸಿಗೆಯಲ್ಲಿ ಟೈಲಿನ ಮೇಲೆ ಒದ್ದೆ ಟವೆಲ್ ಹಾಸಿ ಅದರ ಮೇಲೆ ಬೆನ್ನಿಡುತ್ತಿದ್ದೆವು. ಬಿಸಿಲಿನಲ್ಲಿ ಹೊರಗೆ ಕೆಲಸ ಮಾಡಿಸಬಾರದೆಂದು ಇಲ್ಲಿ ಕಾನೂನಿದೆ, ನೋಡಲು ಇನ್‌ಸ್ಪೆಕ್ಟರುಗಳೂ ಬರುತ್ತಾರೆ. ಖಾಲಿ ಫ್ಲ್ಯಾಟಿನೊಳಗೆ ಯಾರು ಬೇಯುತ್ತಿದ್ದಾರೆಂದು ನೋಡಲು ಯಾರು ಬರುತ್ತಾರೆ?

ಇದಕ್ಕೆಲ್ಲ ನಾವೇ ನಿಯಮ ಮಾಡಿಕೊಂಡಿದ್ದೆವು. ಸ್ನಾನವಾದ ಕೂಡಲೇ ಬಾತ್‌ರೂಮಿನ ನೆಲ ಒರೆಸಬೇಕು, ಮೋರಿಯ ಕೂದಲು ತೆಗೆಯಬೇಕು. ಬಟ್ಟೆಯನ್ನು ರೋಲರಿನ ಕೋಲಿಗೆ ಹಾಕಬೇಕೇ ಹೊರತು ಹಗ್ಗ ಕಟ್ಟಬಾರದು. ಒಲೆಯ ಮೇಲೆ ಗಂಜಿ, ಬೇಳೆ, ಮೊಟ್ಟೆ ಅಷ್ಟೇ. ಮೀನು ಕೂಡದು. ಹಸಿ ಬಣ್ಣ ವಾಸನೆಯನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ನಮ್ಮ ಅನುಭವ. ಕರಾವಳಿಯ ಗಂಡಸರಿಗೆ ಆ ಕೊನೆಯ ನಿಯಮ ಎಷ್ಟು ಕಷ್ಟದ್ದೆಂದು ಬಿಡಿಸಿ ಹೇಳಬೇಕಿಲ್ಲ.

ತಮ್ಮ ನಾಗನನ್ನು ನಾನೇ ಕರೆಸಿಕೊಂಡಿದ್ದೆ. ಕೈಕೆಲಸ ನನ್ನದಕ್ಕಿಂತ ಚೊಕ್ಕ. ಗೋಡೆ ಮತ್ತು ಸೀಲಿಂಗ್ ಸೇರುವ ಗೆರೆಯನ್ನು ಟೇಪ್ ಅಂಟಿಸದೆ ಎಳೆಯುತ್ತಿದ್ದ. ಆದರೆ ಆ ಬದುಕು ಅವನಿಗೆ ಸಾಕಾಗಿತ್ತು. ಶುಕ್ರವಾರ ರಜೆಯ ದಿನ ನಾವೆಲ್ಲ ಮಲಗಿದ್ದರೆ ಅವನು ಡ್ರೈವಿಂಗ್ ಕಲಿಯಲು ಹೋಗುತ್ತಿದ್ದ. ಇಲ್ಲಿ ಲೈಸೆನ್ಸ್ ಸಿಗುವುದು ಸುಲಭವಲ್ಲ. ಎರಡು ಸಲ ಫೇಲಾಗಿ ಮೂರನೆಯ ಸಲ ಪಾಸಾದ. ಕಂಪನಿಗೆ ಡ್ರೈವರ್ ಬೇಕಾಗಿದ್ದ. ಮುಂದಿನ ತಿಂಗಳಿಂದ ಪಿಕಪ್ ನಿನ್ನದೇ ಎಂದು ಗಿರೀಶ್ ಸರ್ ಮಾತು ಕೊಟ್ಟಿದ್ದರು. ಡ್ರೈವರ್ ಆದರೆ ಕ್ಯಾಂಪಿನಲ್ಲಿ ಮಂಚ.

"ಅಣ್ಣಯ್ಯ, ಪಾಸಾಯ್ತ್," ಎಂದು ಅವನು ಫ್ಲ್ಯಾಟಿನ ಬಾಗಿಲಲ್ಲೇ ನಿಂತು ಹೇಳಿದ. "ಇನ್ನ್ ನಂಗೊಂದ್ ಮಂಚ. ನಂದೇ. ನೀ ಬಂದ್ರೆ ಕೂಕಂಬುಕೆ ಜಾಗ ಕೊಡ್ತೆ, ಮಲ್ಗುಕೆ ಮಾತ್ರ ಇಲ್ಲ."

ನಾನು ನಕ್ಕೆ. ಖುಷಿಯೂ ಆಗಿತ್ತು, ಸುಳ್ಳಲ್ಲ. ಅದರ ಜೊತೆಗೇ ಒಂದು ಉರಿಯೂ ಹುಟ್ಟಿತ್ತು. ಅವನಿಗಿಂತ ಎಷ್ಟೋ ವರ್ಷ ಮೊದಲು ಬಂದವನು ನಾನು. ನನಗೆ ಯಾರೂ ಮಂಚ ಕೊಟ್ಟಿರಲಿಲ್ಲ.

ಆ ವಾರ ಜುಫೈರಿನ ಒಂದು ಟವರಿನ ಫ್ಲ್ಯಾಟಿನಲ್ಲಿ ನಾವಿಬ್ಬರೇ ಇದ್ದೆವು, ಉಳಿದವರು ಬೇರೆ ಕಡೆ ಕೆಲಸದಲ್ಲಿದ್ದರು. ಆ ಸಂಜೆ ನಾನೇ ಮನಾಮದ ಮಾರ್ಕೆಟ್ಟಿಗೆ ಹೋಗಿ ಬಂಗುಡೆ ತಂದೆ. ಚೀಲ ಬಿಚ್ಚಿದ್ದನ್ನು ನೋಡಿ ನಾಗ ಹಿಂದೆ ಸರಿದ.

"ತಲೆ ಸಮಾ ಇತ್ತಾ ನಿಂದ್? ಇಲ್ಲಿ ಮೀನಾ?"

"ಹ್ಯಾಂಡೋವರಿಗೆ ಇನ್ನೂ ಎರಡ್ ದಿನ ಇತ್ತ್ ಮಾರಾಯ. ಕಿಟಕಿ ತೆಗ್ದಿಡುವ."

"ಗೋಡಿ ಬಳ್ದದ್ದ್ ನಾನ್. ವಾಸ್ನಿ ಹಿಡ್ದ್ರೆ ಇನ್ನೊಂದ್ ಕೋಟ್ ನಾನೇ ಹೊಡೀಕ್."

"ಡ್ರೈವರ್ ಸಾಹೇಬ್ರು ಇನ್ನೆಂತ ಕೋಟ್ ಹೊಡೂದ್," ಎಂದೆ. ಅವನು ಸೋತು ನಕ್ಕ. ಹುಳಿ, ಮೆಣಸು ಹಾಕಿ ಗಟ್ಟಿ ಸಾರು ಮಾಡಿದ್ದೂ ನಾನೇ. ಅವನು ಅನ್ನ ಮಾಡಿದ. ಊಟವಾದ ಮೇಲೆ ಎಕ್ಸಾಸ್ಟ್ ಫ್ಯಾನ್ ಹಾಕಿ, ಸಿಂಕಿಗೆ ನಿಂಬೆಹುಳಿ ಉಜ್ಜಿ, ಕಾಫಿ ಪುಡಿ ಹುರಿದೆವು. ನಮಗೆ ವಾಸನೆ ಹೋದಂತೆ ಕಂಡಿತು. ತಿಂದವರ ಮೂಗಿಗೆ ಹೇಗೆ ಗೊತ್ತಾಗಬೇಕು?

ಮರುದಿನ ಬೆಳಿಗ್ಗೆ ಸೂಚನೆಯಿಲ್ಲದೆ ಬಾಗಿಲು ತೆರೆಯಿತು. ಕಟ್ಟಡದ ಮ್ಯಾನೇಜರ್ ಮುಂದಿದ್ದರು. ಹಿಂದಿ ಚೆನ್ನಾಗಿ ಬಲ್ಲ ಬಹರೈನಿ, ಎಲ್ಲರೂ ಅಬು ಯೂಸುಫ್ ಎಂದು ಕರೆಯುತ್ತಿದ್ದರು. ಅವರ ಹಿಂದೆ ಆ ಮನೆಗೆ ಬರಲಿದ್ದ ಒಬ್ಬ ಹೆಂಗಸು, ಅವರ ಹಿಂದೆ ಗಿರೀಶ್ ಸರ್. ಆ ಹೆಂಗಸಿಗೆ ಮನೆ ಬೇಗ ನೋಡಬೇಕಿತ್ತಂತೆ. ನಾಗ ಹಾಲಿನಲ್ಲಿ ಎರಡನೆಯ ಕೋಟು ಹೊಡೆಯುತ್ತಿದ್ದ. ನಾನು ಬಾಲ್ಕನಿಯ ಬಾಗಿಲ ಚೌಕಟ್ಟಿಗೆ ಪಾಲಿಷ್ ಹಾಕುತ್ತಿದ್ದೆ.

ಆ ಹೆಂಗಸು ಅಡುಗೆಮನೆಗೆ ಹೋಗಿ ಮೂಗು ಮುಚ್ಚಿಕೊಂಡು ಹೊರಗೆ ಬಂದರು. ಕಪಾಟಿನ ಬಾಗಿಲು ತೆರೆದರೆ ಒಳಗೆ ಸುತ್ತಿಟ್ಟ ಚಾಪೆಗಳು, ಕುಕ್ಕರ್. ಅವರು ಗಟ್ಟಿಯಾಗಿಯೂ ಮಾತಾಡಲಿಲ್ಲ. "ಇಲ್ಲಿ ಯಾರಾದರೂ ವಾಸವಾಗಿದ್ದಾರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅಬು ಯೂಸುಫ್ ಗಿರೀಶ್ ಸರ್ ಕಡೆ ತಿರುಗಿದರು. ಗಿರೀಶ್ ಸರ್ ನನ್ನ ಕಡೆ ತಿರುಗಿದರು. ನಮ್ಮನ್ನು ಅಲ್ಲಿ ಮಲಗಿಸಿದ ಮನುಷ್ಯ, ಹೋದ ವಾರವಷ್ಟೇ ನೀರು ಬರುತ್ತಿದೆಯಾ ಎಂದು ವಿಚಾರಿಸಿದ್ದ ಮನುಷ್ಯ, ನನ್ನ ಜೊತೆ ಯಾವತ್ತೂ ಕನ್ನಡದಲ್ಲೇ ಮಾತಾಡುತ್ತಿದ್ದ ಮನುಷ್ಯ, ಅವತ್ತು ಹಿಂದಿಯಲ್ಲಿ ಕೇಳಿದರು: "ಸುರೇಂದ್ರ, ಇಧರ್ ಕೌನ್ ಸೋತಾ ಹೈ?"

ಇಲ್ಲಿ ಯಾರು ಮಲಗುತ್ತಾರೆ. ಆ ಪ್ರಶ್ನೆಗೆ ಒಂದೇ ಸರಿಯಾದ ಉತ್ತರವಿತ್ತು: ನೀವು ಕಳಿಸಿದವರು. ಅವರ ಕಣ್ಣು ಬೇರೆ ಉತ್ತರ ಕೇಳುತ್ತಿತ್ತು. ನಾನು ಅದನ್ನೇ ಕೊಟ್ಟೆ.

"ನನ್ನ ತಮ್ಮ ಮಲಗಿದ್ದಾನೆ ಅಂತ ಕಾಣುತ್ತೆ ಸಾಬ್. ನನಗೆ ಗೊತ್ತಿರಲಿಲ್ಲ," ಎಂದು ಹಿಂದಿಯಲ್ಲಿ ಹೇಳಿದೆ.

ನಾಗ ರೋಲರನ್ನು ಟ್ರೇಯಲ್ಲಿ ಇಟ್ಟ. ನನ್ನನ್ನು ನೋಡಿದ. ಅವನು ಬಾಯಿ ತೆರೆದಿದ್ದರೆ ನನ್ನ ಸುಳ್ಳು ಅಲ್ಲೇ ಮುಗಿಯುತ್ತಿತ್ತು. ಕಪಾಟಿನಲ್ಲಿ ಇದ್ದದ್ದು ಎರಡು ಚಾಪೆ. ಎಣಿಸಲು ಬರುವ ಯಾರಿಗಾದರೂ ಗೊತ್ತಾಗುವ ಸುಳ್ಳದು. ಯಾರೂ ಎಣಿಸಲಿಲ್ಲ. ಯಾರಿಗೂ ನಿಜ ಬೇಕಾಗಿರಲಿಲ್ಲ, ಒಬ್ಬನ ಹೆಸರು ಬೇಕಾಗಿತ್ತು. ನಾಗ ಟ್ರೇ ಎತ್ತಿಕೊಂಡು ತೊಳೆಯಲು ಹೋದ.

ಅನುಮತಿಯಿಲ್ಲದೆ ಬೇರೆಯವರ ಮನೆಯೊಳಗೆ ಉಳಿದುಕೊಂಡ ಎಂಬ ಕಾರಣ ಹಾಕಿ ಅವನ ವೀಸಾ ಕ್ಯಾನ್ಸಲ್ ಮಾಡಿದರು. ಟಿಕೆಟ್ ಬರುವವರೆಗೆ ಅವನನ್ನು ಎಲ್ಲಿರಿಸಿದರು ಗೊತ್ತೇ? ಕ್ಯಾಂಪಿನ ಅಡುಗೆಕೋಣೆಯ ನೆಲದ ಮೇಲೆ. ನಾನು ಹೋಗಿ ಮಾತಾಡಿಸಲಿಲ್ಲ. ವಿಮಾನ ನಿಲ್ದಾಣಕ್ಕೂ ಹೋಗಲಿಲ್ಲ, ಈಸಾ ಟೌನಿನಲ್ಲಿ ಕೆಲಸವಿದೆ ಎಂಬ ನೆಪ ಸಿಕ್ಕಿತು.

ಚಾಪೆ ಸಿಕ್ಕಿಬಿದ್ದ ದಿನವೇ ಮಧ್ಯಾಹ್ನ, ನಾಗನ ಬ್ಯಾಗು ಪಿಕಪ್ಪಿನಲ್ಲಿ ಕ್ಯಾಂಪಿಗೆ ಹೋದ ಮೇಲೆ, ಗಿರೀಶ್ ಸರ್ ನನ್ನ ಹೆಗಲು ತಟ್ಟಿದರು. ಭಾಷೆ ಮತ್ತೆ ಕನ್ನಡಕ್ಕೆ ಬಂದಿತ್ತು. "ಬುದ್ಧಿವಂತ ಕಣಪ್ಪ ನೀನು. ಇಬ್ಬರೂ ಹೋಗೋದು ತಪ್ಪಿತು. ಮೇಲಿನ ಫ್ಲೋರಲ್ಲಿ ಇನ್ನೊಂದು ಫ್ಲ್ಯಾಟ್ ಖಾಲಿ ಆಗಿದೆ, ಇವತ್ತಿಂದ ಅಲ್ಲಿ ಅಡ್ಜಸ್ಟ್ ಮಾಡ್ಕೊ. ಮೀನು ಮಾತ್ರ ಬೇಡ."

ಬೆಳಿಗ್ಗೆ ಯಾವುದನ್ನು ಅಪರಾಧ ಎಂದು ಒಬ್ಬನನ್ನು ಓಡಿಸಿದರೋ ಅದನ್ನೇ ಮಧ್ಯಾಹ್ನ ಇನ್ನೊಬ್ಬನಿಗೆ ಡ್ಯೂಟಿ ಎಂದು ಹೇಳಿದರು. ನಾನು "ಆಯ್ತು ಸರ್" ಎಂದೆ. ಕೆಲವು ವಾರಗಳ ಮೇಲೆ ಕ್ಯಾಂಪಿನಲ್ಲಿ ನನಗೆ ಮಂಚವೂ ಸಿಕ್ಕಿತು. ಡ್ರೈವರ್‌ಗೆ ಎಂದು ಇಟ್ಟಿದ್ದ ಮಂಚ. ಹೊಸ ಡ್ರೈವರ್ ಹೆಂಡತಿ ಮಕ್ಕಳೊಡನೆ ಬೇರೆ ಇದ್ದ, ಅವನಿಗೆ ಬೇಡವಾಯಿತು. ಬೇಡ ಎನ್ನಲು ನನ್ನಿಂದಾಗಲಿಲ್ಲ. ಅಲ್ಲಿ ಮಲಗಿದ ಮೊದಲ ದಿನ ನನಗೆ ಒಳ್ಳೆಯ ನಿದ್ದೆ ಬಂತು. ಇದನ್ನು ಬಿಟ್ಟು ಬರೆದರೆ ಉಳಿದದ್ದೆಲ್ಲ ನಾಟಕವಾಗುತ್ತದೆ.

ಊರಿನಲ್ಲಿ ನಾಗನ ನಿಶ್ಚಿತಾರ್ಥ ಮುರಿದುಹೋಯಿತು. ಕಳ್ಳತನವೇ ಮಾಡಿರಬೇಕು ಎಂದು ಹೆಣ್ಣಿನ ಕಡೆಯವರು ಆಡಿಕೊಂಡರು. ಅವನು ಈಗ ಬೇರೆಯವರ ಗೂಡ್ಸ್ ರಿಕ್ಷಾ ಓಡಿಸುತ್ತಾನೆ. ನಾನು ಫೋನ್ ಮಾಡಿದರೆ ಎತ್ತುತ್ತಾನೆ, ಊಟವಾಯಿತಾ ಎಂದು ಕೇಳುತ್ತಾನೆ. ಆ ದಿನದ ವಿಷಯ ಹೋದ ವರ್ಷದ ತನಕ ಅವನೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ಹೋದ ವರ್ಷ ಅದೇ ಟವರಿನಲ್ಲಿ ಮತ್ತೆ ಕೆಲಸ ಬಿತ್ತು. ಹೆಣ್ಣಿನ ಕಡೆಯವರು ಕಳ್ಳತನ ಅಂದದ್ದು ನನ್ನ ತಲೆಯಿಂದ ಹೋಗಿರಲಿಲ್ಲ. ಸ್ನ್ಯಾಗಿಂಗ್ ಮುಗಿಸಿ ಅಬು ಯೂಸುಫ್ ನೀಲಿ ಟೇಪಿನ ಉರುಳೆ ಜೇಬಿಗೆ ಹಾಕಿಕೊಳ್ಳುತ್ತಿದ್ದಾಗ, ಗಿರೀಶ್ ಸರ್ ಎದುರಿಗೇ, ಕೈ ಕಟ್ಟಿ ನಿಂತು ಎಲ್ಲ ಹೇಳಿಬಿಟ್ಟೆ. ಮೀನು ತಂದವನು ನಾನು, ಎರಡನೆಯ ಚಾಪೆ ನನ್ನದು, ಅಲ್ಲಿ ಮಲಗಿಸಿದ್ದು ಕಂಪನಿ ಎಂದೆ. ನನ್ನ ಕೆಲಸ ಅವತ್ತೇ ಹೋಗುತ್ತದೆ ಎಂದುಕೊಂಡಿದ್ದೆ.

ಅಬು ಯೂಸುಫ್ ನನ್ನನ್ನು ವಿಚಿತ್ರವಾಗಿ ನೋಡಿದರು. "ಅದು ನನಗೆ ಗೊತ್ತಿತ್ತಲ್ಲ," ಎಂದರು. "ಎಲ್ಲ ಕಟ್ಟಡದಲ್ಲೂ ಪೇಂಟರುಗಳು ಹೀಗೇ ಮಲಗುತ್ತಾರೆ. ವಾಚ್‌ಮನ್‌ಗೂ ಗೊತ್ತಿತ್ತು. ಅವತ್ತು ಆ ಮೇಡಂ ಎದುರಿಗೆ ಏನಾದರೂ ಮಾಡಿ ತೋರಿಸಬೇಕಿತ್ತು, ಅಷ್ಟೇ. ಅವರು ಆಮೇಲೆ ಬೇರೆ ಕಡೆ ಮನೆ ತಗೊಂಡರು."

ಗಿರೀಶ್ ಸರ್ ಮೊಬೈಲ್ ನೋಡುತ್ತಿದ್ದರು. ನನ್ನ ಕೆಲಸ ಹೋಗಲಿಲ್ಲ. ಹೋಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ಅಲ್ಲಿಗೆ ವಾಸಕ್ಕೇ ಬರದೇ ಹೋದ ಒಬ್ಬ ಹೆಂಗಸಿನ ಮುಂದೆ ಮರ್ಯಾದೆ ಉಳಿಸಿಕೊಳ್ಳಲು ಮೂವರು ಗಂಡಸರು ಸೇರಿ ಒಬ್ಬನ ಬದುಕನ್ನು ಎತ್ತಿ ಹೊರಗೆ ಹಾಕಿದ್ದೆವು. ಆ ಮೂವರಲ್ಲಿ ಒಬ್ಬ ಅವನ ಸ್ವಂತ ಅಣ್ಣ.

ಅವತ್ತು ನಾಗನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವನ ಮಂಚದ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು ಎಂಬುದನ್ನೂ ಹೇಳಿದೆ. ಅಬು ಯೂಸುಫ್ ಅಂದದ್ದನ್ನೂ ಹೇಳಿದೆ. ರಿಕ್ಷಾದ ಎಂಜಿನ್ ಸದ್ದು ನಿಂತಿತು. ಗಾಡಿ ಬದಿಗೆ ಹಾಕಿದನೆಂದು ಕಾಣುತ್ತದೆ.

"ಅವ್ರಿಗೆ ಗೊತ್ತಿತ್ತಾ?"

"ಗೊತ್ತಿತ್ತಂಬ್ರ್."

"ವಾಚ್‌ಮನ್‌ಗೂ?"

"ಹೂಂ."

"ಹಂಗಾರೆ ಅಣ್ಣಯ್ಯ, ಗೊತ್ತಿಲ್ಲ ಅಂದವ ನೀ ಒಬ್ನೇ," ಎಂದ. ಬಾಡಿಗೆ ಇದೆ ಎಂದು ಫೋನ್ ಇಟ್ಟ.

ಈಗ ಯಾವ ಫ್ಲ್ಯಾಟಿಗೆ ಹೋದರೂ ಪುಟ್ಟಿಯ ಡಬ್ಬ ತೆರೆಯುವ ಮೊದಲೇ ಕಟ್ಟಡದವರನ್ನು ಕರೆಸಿ, ಕೆಲಸ ಮುಗಿಯುವ ತನಕ ನಮ್ಮ ಹುಡುಗರು ಇಲ್ಲೇ ಮಲಗುತ್ತಾರೆ, ಕಳಿಸಿದ್ದು ಕಂಪನಿ ಎಂದು ಹೇಳುತ್ತೇನೆ. ಗಿರೀಶ್ ಸರ್ ಪಕ್ಕದಲ್ಲಿದ್ದರೆ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ಕೆಲವರು ಗೊಣಗುತ್ತಾರೆ, ಒಂದಿಬ್ಬರು ಎಸಿ ಹಾಕಿಕೊಳ್ಳಲು ಬಿಟ್ಟಿದ್ದಾರೆ. ಗಿರೀಶ್ ಸರ್ ನನ್ನನ್ನು ಬುದ್ಧಿವಂತ ಎನ್ನುವುದನ್ನು ನಿಲ್ಲಿಸಿದ್ದಾರೆ. ಸೂಪರ್‌ವೈಸರ್ ಕೆಲಸ ಎಂದರೆ ಏನೆಂದು ನಾನು ಕಲಿತದ್ದು ಇಷ್ಟೇ: ತನ್ನ ಕೈಕೆಳಗಿನವರು ಎಲ್ಲಿ ಮಲಗಿದ್ದಾರೆ, ಯಾರು ಮಲಗಿಸಿದರು ಎಂಬುದನ್ನು ಯಾರೂ ಕೇಳುವ ಮೊದಲೇ ಬಾಯಿಬಿಟ್ಟು ಹೇಳುವುದು. ಕೇಳಿದ ಮೇಲೆ ಹೇಳಲು ಧೈರ್ಯ ಸಾಲದೇ ಹೋಗಬಹುದು. ನನಗೆ ಸಾಲಲಿಲ್ಲ.

ತಮ್ಮನಿಗೆ ಇದರಿಂದ ಏನೂ ಸಿಕ್ಕಿಲ್ಲ.