ಹಗರೆ ರಸ್ತೆಯ ಗರಗರ ಸದ್ದು

ಹಗರೆ ಹತ್ತಿರ ಕಾರಿನ ಮುಂಭಾಗದಿಂದ ಗರಗರ ಸದ್ದು ಶುರುವಾಯಿತು, ಜೊತೆಗೆ ಸುಟ್ಟ ವಾಸನೆ. ಇಂಜಿನ್ ಹೋಯಿತೆಂದು ಗಾಬರಿಯಿಂದ ನಿಲ್ಲಿಸಿದೆ. ಸದ್ದೂ ನಿಂತಿತು. ನಿಂತಲ್ಲೇ ಆಕ್ಸಿಲರೇಟರ್ ಒತ್ತಿ ನೋಡಿದರೂ ಆ ಗರಗರ ಕೇಳಿಸಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಒಬ್ಬ ಹೆಂಗಸು ಕುಡುಗೋಲು ಹಿಡಿದು ಓಡಿಬಂದರು. ವಾಹನಗಳ ಚಕ್ರಕ್ಕೆ ಸಿಕ್ಕಿ ಕಾಳು ಉದುರಲೆಂದು ರಸ್ತೆ ತುಂಬ ಹುರುಳಿ ಗಿಡ ಹರಡಿದ್ದವರು ಅವರೇ. ನಾನೋ, ಬೈದುಕೊಳ್ಳುತ್ತಲೇ ಅದರ ಮೇಲೆ ಕಾರು ಓಡಿಸಿಕೊಂಡು ಬಂದಿದ್ದೆ. ಬೈದದ್ದು ಕೇಳಿಸಿತೇನೋ ಎಂದು ಹೆದರಿ, ಸದ್ದಿನ ವಿಷಯ ಹೇಳಿದೆ.

“ನಿಂತಾಗ ಇಲ್ಲ, ಓಡ್ದಾಗ ಮಾತ್ರ ಐತೆ ಅಂದ್ರೆ ಅದು ಇಂಜಿನ್ ಅಲ್ಲ ಕಣ್ರೀ, ನಮ್ ಹುರುಳಿ. ಹಂಗೇ ಬಿಟ್ರೆ ಬೆಂಕಿ ಹತ್ಕೊಂತೈತೆ” ಎಂದವರೇ ರಸ್ತೆಯ ಮೇಲೆ ಮಲಗಿ ಚಕ್ರದ ಹಿಂದಕ್ಕೆ ಕೈ ಹಾಕಿದರು. ಅಚ್ಚಿಗೆ ಹಗ್ಗದಂತೆ ಸುತ್ತಿಕೊಂಡಿದ್ದ ಹುರುಳಿ ಬಳ್ಳಿಯನ್ನು ಕೊಯ್ದು ಎಳೆದರು. ಒಂದು ಕಡೆ ಆಗಲೇ ಕಪ್ಪಗಾಗಿತ್ತು.

ಕೈಮುಗಿದೆ. ಅವರು ಆ ಕಂತೆಯನ್ನು ಕೊಡವಿ, “ಇದ್ರಲ್ಲಿನ್ನೂ ಕಾಳೈತೆ” ಎನ್ನುತ್ತಾ ಹೋಗಿ ಮತ್ತೆ ರಸ್ತೆಗೇ ಹರಡಿದರು.

ರಸ್ತೆಯಲ್ಲಿ ಒಕ್ಕಣೆ ಮಾಡುವುದು ತಪ್ಪೆಂದು ಈಗಲೂ ಜಗಳವಾಡುತ್ತೇನೆ. ಆದರೆ ನನ್ನ ಕಾರಿನ ಡಿಕ್ಕಿಯಲ್ಲಿ ಜಾಕಿಯ ಪಕ್ಕ ಒಂದು ಕುಡುಗೋಲು ಇರುತ್ತದೆ.