ಮುಟ್ಬ್ಯಾಡ, ಹೊರಗಾಗವ್ಳೆ

ಹೊಟ್ಟೆನೋವು ಅಂತ ಕರೆ ಬಂದರೆ ನಮ್ಮ ಕಡೆಯ ಜನ ರೋಗದ ಹೆಸರನ್ನೂ ತಾವೇ ಹೇಳಿಬಿಡುತ್ತಾರೆ: ಗ್ಯಾಸು. ಅಷ್ಟೊತ್ತಿಗೆ ಸೋಡಾ ಕುಡಿಸಿಯೂ ಆಗಿರುತ್ತದೆ. ಆಂಬುಲೆನ್ಸಿನ ನರ್ಸಾಗಿ ಮಧುಗಿರಿ, ಪಾವಗಡ ಸುತ್ತುವ ನನಗೆ ಆ ಪದ ಕೇಳಿದರೇ ಮೈ ಉರಿಯುತ್ತದೆ.

ದೊಡ್ಡೇರಿ ಹತ್ತಿರದ ಒಂದು ಊರಲ್ಲಿ ಮಾತ್ರ ಉರಿದದ್ದು ಇನ್ನೊಂದು ಪದಕ್ಕೆ. ಮಟಮಟ ಮಧ್ಯಾಹ್ನ. ಹೊಸದಾಗಿ ಮದುವೆಯಾದ ಹುಡುಗಿ ಕೊಟ್ಟಿಗೆಯ ಪಕ್ಕ ಗೋಣಿಚೀಲದ ಮೇಲೆ ಮುದುಡಿ ಮಲಗಿದ್ದಳು. ಮನೆಮಂದಿಯೆಲ್ಲ ದೂರ ನಿಂತಿದ್ದರು. ನಾನು ಹೊಟ್ಟೆಗೆ ಕೈ ಹಾಕುವಷ್ಟರಲ್ಲಿ ಅವಳ ಅತ್ತೆ ಕೂಗಿದರು, “ಅಯ್ಯೋ, ಮುಟ್ಬ್ಯಾಡ ಕಣಮ್ಮ, ಹೊರಗಾಗವ್ಳೆ! ಒಂದ್ ಸೂಜಿ ಚುಚ್ಚು, ಗ್ಯಾಸು ಇಳೀತದೆ.”

ಮುಟ್ಟದೆ ಹೊಟ್ಟೆ ನೋಡುವುದು ಹೇಗೆ? ನಾನೇನು ಕಣಿ ಹೇಳುವವಳೇ? ಎಲ್ಲಿ ಮೆತ್ತಗಿದೆ, ಎಲ್ಲಿ ಒತ್ತಿದರೆ ಮುಖ ಕಿವುಚುತ್ತದೆ, ಅದನ್ನು ಕೈಯೇ ಹೇಳಬೇಕು. ಮುಟ್ಟಿದೆ. ಹೊಟ್ಟೆ ಉಬ್ಬಿ ಬಿಗಿದುಕೊಂಡಿತ್ತು. ನಾಡಿ ಸಣ್ಣಗೆ, ಒಂದೇ ಸಮ ಓಡುತ್ತಿತ್ತು.

“ಹೋದ ತಿಂಗಳು ಮುಟ್ಟಾಗಿತ್ತೇನಮ್ಮ?” ಅಂದೆ. ಗಂಡ ದೂರದಿಂದಲೇ, “ಎಲ್ಲಾ ಸರಿಯಾಗೇ ಆಯ್ತದೆ ಮೇಡಂ” ಅಂದ. ನಿನ್ನನ್ನು ಯಾರಪ್ಪಾ ಕೇಳಿದ್ದು! ಅವಳ ಬಾಯಿಗೆ ಕಿವಿಯಿಟ್ಟೆ.

“ಇಲ್ಲಕ್ಕ. ಈಗ್ಲೂ ಚೂರೇ ಚೂರು. ಹೆಗಲು ಬೇರೆ ನೋಯ್ತದೆ.”

ಸ್ಟ್ರೆಚರ್ ತರಲು ಡ್ರೈವರಣ್ಣನನ್ನು ಕೂಗಿದೆ. ಬಸಿರು ಗರ್ಭಕೋಶದ ಬದಲು ಪಕ್ಕದ ಅಂಡನಾಳದಲ್ಲಿ ಕಟ್ಟಿ, ಆ ನಾಳ ಒಡೆದರೆ ರಕ್ತ ಹೊಟ್ಟೆಯೊಳಗೇ ತುಂಬುತ್ತದೆ, ಹೆಗಲು ನೋಯುತ್ತದೆ; ಹೊರಗೆ ಕಾಣುವುದು ಚೂರೇ. ಅದನ್ನೇ ಇವರು ಮುಟ್ಟು ಅಂದುಕೊಂಡು ಬೆಳಗಿನಿಂದ ಮೂಲೆಗೆ ಹಾಕಿದ್ದರು.

ಸ್ಟ್ರೆಚರಿಗೆ ಎತ್ತಲು ಒಬ್ಬರೂ ಕೈ ಕೊಡಲಿಲ್ಲ. ಡ್ರೈವರಣ್ಣ, ನಾನು, ಇಬ್ಬರೇ ಎತ್ತಿದೆವು. ದಾರಿಯಲ್ಲಿ ಸಲೈನ್ ಹಾಕಿ ಕೈ ಹಿಡಿದುಕೊಂಡರೆ, ತಣ್ಣಗಾಗಿದ್ದ ಆ ಕೈಯನ್ನು ಅವಳೇ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ! “ನಿಮ್ಗೂ ಮೈಲಿಗೆ ಆಯ್ತದಕ್ಕ.” ಸಿಟ್ಟಿಗೆ ನನಗೆ ಅಳು ಬಂತು. ಬಿಡದೆ ಹಿಡಿದುಕೊಂಡೆ.

ಮಧುಗಿರಿಯಲ್ಲಿ ನೇರ ಆಪರೇಷನ್ನಿಗೆ ಒಯ್ದರು. ಸಂಜೆ ಇನ್ನೊಬ್ಬ ರೋಗಿಯನ್ನು ಇಳಿಸಲು ಹೋದಾಗ ಡಾಕ್ಟರು, ನಾಳ ಒಡೆದಿತ್ತು, ಜೀವಕ್ಕೇನೂ ಭಯವಿಲ್ಲ ಅಂದರು. ವರಾಂಡದಲ್ಲಿ ಅತ್ತೆ ಸಿಕ್ಕರು. ನಿಜವಾದ ಕಕ್ಕುಲಾತಿಯಿಂದಲೇ ಹೇಳಿದರು, “ಅವಳನ್ನ ಮುಟ್ಬುಟ್ಟಿದ್ದೀಯ ತಾಯಿ. ಮನೆಗೋಗಿ ಮೊದ್ಲು ತಲೆಗೆ ನೀರು ಉಯ್ಕೋ.”

“ಮುಟ್ಟಿದ್ದಕ್ಕೇ ಕಣಮ್ಮ ನಿಮ್ಮ ಸೊಸೆ ಉಳ್ಕಂಡಿದ್ದು!” ಅಂದೆ, ಇಡೀ ವರಾಂಡ ತಿರುಗಿ ನೋಡುವಷ್ಟು ಜೋರಾಗಿ.