ಮೂರು ಗಂಟೆಗೆ ಇಳಿಯುವ ಸೂರ್ಯ

"ಇದು ಆಗೂದಲ್ಲ" ಅಂದವರು ನಮ್ಮ ಪಾಯಪ್ಪ ಕಾಕಾ.

ಖಾನಾಪುರದ ಬಸದಿಯ ಅಂಗಳದಲ್ಲಿ, ಪೂಜೆ ಮುಗಿಸಿ ಹೊರಬಂದ ಅಷ್ಟೂ ಮಂದಿಯ ಎದುರಿಗೆ ಅಂದರು. ನಾನು ಮುಂಬಯಿಯಲ್ಲಿ ಡಾಕ್ಟರಿ ಪಾಸಾಗಿದ್ದೆ. ಅದರ ಮೇಲಿನ ಪರೀಕ್ಷೆಗೆ ವಿಲಾಯತಿಗೆ ಹೊರಟಿದ್ದೇನೆಂದು ಊರಲ್ಲಿ ಸುದ್ದಿಯಾಗಿತ್ತು. ಕಾಕಾ ಹಂಚಿನ ವ್ಯಾಪಾರಿ. ಬೆರಳಿನಿಂದ ಬಡಿದು ಸಪ್ಪಳ ಕೇಳಿಯೇ ಯಾವ ಹಂಚು ಒಡೆದಿದೆ ಅಂತ ಹೇಳುವವರು. ನನ್ನನ್ನೂ ಹಾಗೇ ಬಡಿದು ನೋಡಿದರು.

"ಹೊತ್ತು ಮುಳುಗಿದ ಮ್ಯಾಲ ತುತ್ತು ಮುಟ್ಟದ ಮನಿ ಹುಡುಗ. ನಾಕಕ್ಕ ಕತ್ತಲಾಗೂ ದೇಶಕ್ಕ ಹೊಂಟಾನ. ಧರ್ಮರ ಉಳೀತೈತಿ, ಓದರ ಉಳೀತೈತಿ. ಎರಡೂ ಉಳಿಯೂದು ಆಗೂದಲ್ಲ."

(ನಾಕಕ್ಕೆ ಕತ್ತಲು ಅಂತ ಅವರಿಗೆ ಹೇಳಿದ್ದು ಬೆಳಗಾವಿ ಕ್ಯಾಂಪಿನ ಒಬ್ಬ ಸಿಪಾಯಿ. ಮಹಾಯುದ್ಧದಲ್ಲಿ ಫ್ರಾನ್ಸಿನ ಚಳಿ ಕಂಡು ಬಂದವನು.)

ನಾವು ಜೈನರು. ಸೂರ್ಯ ಇರುವಾಗಲೇ ಉಣ್ಣಬೇಕು. ದೀಪದ ಬೆಳಕಿಗೆ ಯಾವ ಹುಳ ಬಂದು ಅನ್ನಕ್ಕೆ ಬೀಳುತ್ತದೋ ಯಾರಿಗೆ ಗೊತ್ತು? ನಮ್ಮವ್ವ ಅದೇ ಒಂದನ್ನು ಬೇಡಿದಳು. ನೆಲದೊಳಗಿನ ಗಡ್ಡೆಯನ್ನೂ ನಾವು ತಿನ್ನುವುದಿಲ್ಲ, ಆದರೆ ಆ ಸಿಪಾಯಿಯ ಮಾತು ಕೇಳಿ ಬಟಾಟಿಗೆ ಮಾಫಿ ಕೊಟ್ಟಳು. ಅದನ್ನೂ ಬಿಟ್ಟರೆ ಅಲ್ಲಿ ಮಗ ಉಪವಾಸ ಬೀಳುತ್ತಾನೆಂದು. ಸೂರ್ಯನಿಗೆ ಮಾತ್ರ ಮಾಫಿಯಿಲ್ಲ. ತಲೆಯ ಮೇಲೆ ಕೈ ಇಡಿಸಿ ಆಣೆ ಮಾಡಿಸಿದಳು. ಕನ್ನಡ ಶಾಲೆಯ ನಾಲ್ಕನೇ ಇಯತ್ತೆ ದಾಟಿದವರು ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಇರಲಿಲ್ಲ. ಅಂಥ ಮನೆಯ ಹೆಣ್ಣುಮಗಳು ಮಗನನ್ನು ಸಮುದ್ರ ದಾಟಲು ಬಿಟ್ಟಳಲ್ಲ, ಒಂದು ಆಣೆ ಹೆಚ್ಚಾಯಿತೇ?

ಮೊನ್ನೆ ಐತವಾರ ಖಾನಾಪುರಕ್ಕೆ ಹೋಗಿದ್ದೆ. ನಾನು ಮರಳಿ ಬಂದು ಬೆಳಗಾವಿಯ ಖಡೇಬಜಾರದಲ್ಲಿ ದವಾಖಾನೆ ತೆರೆದದ್ದು ನಿಮಗೆ ಗೊತ್ತೇ ಇದೆ. ಸರ್ಟಿಫಿಕೇಟು ಮಾತ್ರ ಈಗ ಟಪಾಲಿನಲ್ಲಿ ಬಂತು. ತಗಡಿನ ಕೊಳವೆಯೊಳಗೆ ಸುರುಳಿ ಸುತ್ತಿದ ದಪ್ಪ ಕಾಗದ. ಅದನ್ನು ಬಗಲಲ್ಲಿ ಹಿಡಿದು ಬೆಳಗಿನ ರೈಲು ಹತ್ತಿದೆ. ಡಬ್ಬಿಯಲ್ಲಿದ್ದವರೆಲ್ಲ ಅದು ಬಂದೂಕಿನ ನಳಿಗೆಯೋ ಎಂಬಂತೆ ನೋಡಿದರು.

ಮನೆಯಲ್ಲಿ ಸುರುಳಿ ಬಿಚ್ಚಿದೆ. ಬರಹ ಲ್ಯಾಟಿನ್ನಿನಲ್ಲಿ. ಬಸದಿಯ ಪಂಡಿತರು ಪ್ರಾಕೃತ ಹೇಳಿದಾಗ ನಮಗೆಷ್ಟು ತಿಳಿಯುತ್ತದೋ, ಅದು ನನಗೂ ಅಷ್ಟೇ ತಿಳಿಯುತ್ತದೆ. ಕೆಳಗೆ ಕೆಂಪು ಮುದ್ರೆ. ಕಾಕಾ ಕನ್ನಡಕ ಏರಿಸಿ ಮುದ್ರೆಯನ್ನು ಮುಟ್ಟಿ ನೋಡಿದರು. (ಬಡಿಯಲಿಲ್ಲ, ಪುಣ್ಯ.)

ಅವ್ವ ಕೈ ಚಾಚಲಿಲ್ಲ. ಒಲೆಯ ಮುಂದೆಯೇ ಕೂತಿದ್ದಳು.

ಆಗ ಕಾಕಾ ಅವ್ವನತ್ತ ನೋಡಿ ನನ್ನನ್ನು ಕೇಳಿದರು: "ವೈನಿ ಕೇಳಾಂಗಿಲ್ಲ, ನಾ ಕೇಳತೀನಿ. ಖರೇ ಹೇಳು. ಎಷ್ಟ ಸಲ ಕತ್ತಲದಾಗ ಉಂಡಿ?"

ಬಂದು ಇಷ್ಟು ತಿಂಗಳಾದರೂ ಅವ್ವ ಆ ಮಾತು ಎತ್ತಿರಲಿಲ್ಲ. ಏನು ಉತ್ತರ ಬಂದೀತೋ ಅನ್ನುವ ಅಂಜಿಕೆ. ಅದು ಆವತ್ತು ಅವಳ ಬೆನ್ನು ನೋಡಿಯೇ ನನಗೆ ತಿಳಿಯಿತು. ಹೇಳಲು ಕೂತೆ.

ನಾನು ಎಡಿಂಬರೋ ಮುಟ್ಟಿದ್ದು ಬೇಸಿಗೆಯಲ್ಲಿ. ಮೊದಲ ಸಂಜೆ ಗಡಿಯಾರ ಎಂಟು ಹೊಡೆಯಿತು, ಬಿಸಿಲು. ಒಂಬತ್ತು ಹೊಡೆಯಿತು, ಬಿಸಿಲು. ಹತ್ತಕ್ಕೆ ಸೂರ್ಯ ಗುಡ್ಡದ ಹಿಂದೆ ಸರಿದಾಗ ನಾನು ಕಿಟಕಿಯಲ್ಲಿ ಕೈ ಮುಗಿದು ನಿಂತಿದ್ದೆ. ನಮ್ಮ ಖಾನಾಪುರದ ಪಕ್ಕದ ಜಾಂಬೋಟಿಯಲ್ಲಿ ಮಳೆಗಾಲದಲ್ಲಿ ವಾರಗಟ್ಟಲೆ ಮುಖ ತೋರಿಸದ ಸೂರ್ಯ, ಇಲ್ಲಿ ಮನೆಗೇ ಹೋಗಲು ಒಲ್ಲೆ ಅನ್ನುತ್ತಾನಲ್ಲ! ಕಾಕಾ ಹೇಳಿದ್ದು ಸುಳ್ಳೆಂದು ನಕ್ಕೆ. ರಾತ್ರಿ ಒಂಬತ್ತಕ್ಕೆ ಧರ್ಮಸಮ್ಮತವಾಗಿ ಉಂಡೆ.

(ಈ ಮಾತಿಗೆ ಕಾಕಾ ತಡೆದು, ಆ ಊರಿನ ಗಡಿಯಾರ ಕೆಟ್ಟಿರಬೇಕು ಅಂದರು.)

ಆಮೇಲೆ ಚಳಿಗಾಲ ಬಂತು. ದಿನ ದಿನಕ್ಕೂ ಸೂರ್ಯ ಸಣ್ಣವನಾದ. ಡಿಸೆಂಬರಿನಲ್ಲಿ ಮೂರೂವರೆಗೆಲ್ಲ ಮುಳುಗಿಯೇ ಹೋಗುತ್ತಿದ್ದ. ಆಸ್ಪತ್ರೆಯ ವಾರ್ಡು ಬಿಡುವುದು ಐದಕ್ಕೆ. ಮನೆಯೊಡತಿ ಮಿಸೆಸ್ ಬೇರ್ಡ್ ಊಟ ಬಡಿಸುವುದು ಏಳಕ್ಕೆ. ನನಗೆ ಬೆಳಿಗ್ಗೆ ಕತ್ತಲಲ್ಲಿ ನಾಷ್ಟಾ ಇಲ್ಲ, ಸಂಜೆ ಕತ್ತಲಲ್ಲಿ ಊಟ ಇಲ್ಲ. ಮಧ್ಯಾಹ್ನ ಒಂದು ತುಂಡು ಬ್ರೆಡ್ಡು, ಅಷ್ಟೇ. ಆಕೆ ಕೇಳಿದರೆ ದಿನಾ ನನಗೆ ಹಸಿವಿಲ್ಲ ಅನ್ನುತ್ತಿದ್ದೆ. ಪರದೇಶದಲ್ಲಿ ನಮ್ಮ ಆಣೆ ಯಾರಿಗೆ ತಿಳಿದೀತು ಅನ್ನುವ ಸಂಕೋಚ. ಆಕೆ ತಟ್ಟೆ ತೆಗೆದುಕೊಂಡು ಹೋಗುತ್ತಿದ್ದಳು.

ಒಂದು ದಿನ ವಾರ್ಡಿನಲ್ಲಿ ರೋಗಿಯ ನಾಡಿ ಹಿಡಿದವನು ಹಾಗೇ ಅವನ ಮೇಲೆಯೇ ಬಿದ್ದೆ. ಕಣ್ಣು ಬಿಟ್ಟಾಗ ರೋಗಿ ನನ್ನ ನಾಡಿ ಹಿಡಿದಿದ್ದ.

ವಾರ್ಡಿನ ಹಿರಿಯ ಡಾಕ್ಟರು ಕಟುಕರಲ್ಲ. ಆದರೆ ಮಾತು ಖಡಾಖಡಿ. ರೋಗಿಯ ಮೇಲೆ ಬೀಳುವವನು ಡಾಕ್ಟರನಲ್ಲ, ಇನ್ನೊಮ್ಮೆ ಬಿದ್ದರೆ ಪರೀಕ್ಷೆಗೆ ಕೂಡಿಸಲಾರೆ ಅಂದರು. ಪರೀಕ್ಷೆ ಎದುರಿಗೇ ಇತ್ತು. ಕಲ್ಲಿದ್ದಲ ಹೊಗೆ ಬೆರೆತ, ಕೆಮ್ಮಣ್ಣಿನಂಥ ಮಂಜು ಕವಿದ ಆ ಬೀದಿಯಲ್ಲಿ ನಡೆಯುತ್ತ ಕಾಕಾನ ಮಾತೇ ಕಿವಿಯಲ್ಲಿ. ಆಣೆಯೋ, ಓದೋ?

ಆ ಸಂಜೆ ಏಳಕ್ಕೆ ಟೇಬಲ್ಲಿಗೆ ಕೂತೆ. ಬಟಾಣಿ ಸಾರು, ಬಟಾಟಿ. ಚಮಚ ಎತ್ತಿದೆ. ಕೈ ಬಾಯಿಯವರೆಗೆ ಬಂತು, ನಿಂತಿತು. ಮಿಸೆಸ್ ಬೇರ್ಡ್ ನೋಡುತ್ತಲೇ ಇದ್ದಳು. ಕಡೆಗೆ ಕೇಳಿದಳು: "ನನ್ನ ಅಡಿಗೆ ಅಷ್ಟು ಕೆಟ್ಟದ್ದೇ?"

ಇಷ್ಟು ದಿನ ಆಕೆ ಹಾಗೆ ತಿಳಿದಿದ್ದಳು! ಎಲ್ಲಾ ಹೇಳಿಬಿಟ್ಟೆ. ಸೂರ್ಯ, ಹುಳ, ಅವ್ವ, ಆಣೆ, ವಾರ್ಡು.

ಆಕೆ ವಿಧವೆ. ಗಂಡುಮಕ್ಕಳಂತೆ ದೊಡ್ಡ ಕೈ. ಐತವಾರ ಒಲೆಯ ಮೇಲೆ ಏನನ್ನೂ ಬೇಯಿಸದವಳು, ಸೂಜಿಗೆ ದಾರ ಪೋಣಿಸದವಳು, ಪೇಪರು ಮುಟ್ಟದವಳು. ದೇವರ ದಿನ, ಅದಕ್ಕೆ. ನನ್ನ ಮಾತು ಮುಗಿದ ಮೇಲೆ ಆಕೆ ಧರ್ಮ ಕೇಳಲಿಲ್ಲ, ವಾದ ಮಾಡಲಿಲ್ಲ. ನನ್ನ ಮುಂದಿನ ತಟ್ಟೆಯನ್ನು ತಾನೇ ಎಳೆದುಕೊಂಡಳು. ತಾಯಿಗೆ ಕೊಟ್ಟ ಮಾತಲ್ಲವೇ, ಹಾಗಾದರೆ ಮುಗಿಯಿತು ಅಂದಳು. ಹೋಗಿ ಮಲಗಿಕೋ ಅಂದಳು.

ಮರುದಿನ ಮೂರು ಗಂಟೆಗೆ ವಾರ್ಡಿನ ಜವಾನ ಬಂದು, ಹಿಂಬಾಗಿಲಲ್ಲಿ ಯಾರೋ ನಿಂತಿದ್ದಾರೆ ಅಂದ. ಹಿಮ ಬೀಳುತ್ತಿತ್ತು. ಮಿಸೆಸ್ ಬೇರ್ಡ್! ಹ್ಯಾಟಿನ ಮೇಲೆ ಹಿಮ, ಭುಜದ ಮೇಲೆ ಹಿಮ, ಕೈಯಲ್ಲಿ ಫ್ಲಾನೆಲ್ಲಿನಲ್ಲಿ ಸುತ್ತಿದ ಡಬ್ಬಿ. ಮುಚ್ಚಳ ತೆಗೆದರೆ ಹಬೆ! ಗಂಜಿ, ಬಟಾಟಿ, ಒಂದು ಬಾಟಲಿ ಬಿಸಿ ಹಾಲು. ಮೆಟ್ಟಿಲ ಮೇಲೆ ನಿಂತೇ ಉಂಡೆ.

ಆ ಚಳಿಗಾಲ ಪೂರ್ತಿ ಆಕೆ ಬಂದಳು. ಐತವಾರ ನನ್ನ ಪಾಲು ತಣ್ಣಗಿರುತ್ತಿತ್ತು, ಆದರೆ ಬರುತ್ತಿತ್ತು.

ಪರೀಕ್ಷೆಯ ದಿನ ಇನ್ನೂ ನೆನಪಿದೆ. ಪರೀಕ್ಷಕರು ಒಬ್ಬ ರೋಗಿಯ ಹೃದಯದ ಸಪ್ಪಳ ಕೇಳಿಸಿ, ಅದೇ ಪ್ರಶ್ನೆಯನ್ನು ತಿರುತಿರುಗಿ ಹಾಕುತ್ತಿದ್ದರು. ಬಿಟ್ಟಾಗ ಕಿಟಕಿಗಳೆಲ್ಲ ಬೂದಿಬಣ್ಣ. ಹಿಂಬಾಗಿಲಿಗೆ ಓಡಿ ಬಂದೆ. ಮಿಸೆಸ್ ಬೇರ್ಡ್ ನನ್ನತ್ತ ನೋಡುತ್ತಲೇ ಇರಲಿಲ್ಲ. ಕೈ ಹಣೆಗೆ ಅಡ್ಡ ಹಿಡಿದು ಛಾವಣಿಗಳ ಆಚೆ ನೋಡುತ್ತಿದ್ದಳು. ಅಲ್ಲಿ ತಾಮ್ರದ ದುಡ್ಡಿನ ಅಂಚಿನಷ್ಟು ಸೂರ್ಯ ಉಳಿದಿದ್ದ.

"ಇನ್ನೂ ಇದ್ದಾನೆ. ಉಣ್ಣು."

ಪರೀಕ್ಷೆ ಹೇಗಾಯಿತೆಂದು ಆಕೆ ಕೇಳಲಿಲ್ಲ ನೋಡಿ. ನನ್ನವ್ವನ ಸೂರ್ಯನನ್ನು, ನನ್ನವ್ವನನ್ನೇ ಕಾಣದ ಒಬ್ಬ ಹೆಣ್ಣುಮಗಳು ಹಿಮದಲ್ಲಿ ನಿಂತು ಕಾಯುತ್ತಿದ್ದಳು. ವಿಲಾಯತಿಯಲ್ಲಿ ಏನು ನೋಡಿದಿರಿ ಡಾಕ್ಟರ್ ಸಾಹೇಬರೇ ಅಂತ ನೀವೆಲ್ಲ ಕೇಳುತ್ತೀರಿ. ದೊಡ್ಡ ಕಿಲ್ಲೆ ನೋಡಿದೆ, ನೆಲದ ಕೆಳಗೆ ಓಡುವ ರೈಲು ನೋಡಿದೆ. ಎಲ್ಲಾ ಖರೇ. ಆದರೆ ನಾನು ಬಾಯಿ ತೆರೆದು ನಿಂತದ್ದು ಆ ಹಿಂಬಾಗಿಲಲ್ಲಿ.

ಇಷ್ಟು ಹೇಳಿ, "ಒಂದ ಸಲನೂ ಇಲ್ಲ ಕಾಕಾ" ಅಂದೆ.

ಕಾಕಾ ಕನ್ನಡಕ ತೆಗೆದು ಧೋತರದ ತುದಿಯಿಂದ ಒರೆಸತೊಡಗಿದರು.

ಅವ್ವ ಎದ್ದಳು. ಕೈ ತೊಳೆದು ಸೆರಗಿಗೆ ಒರೆಸಿಕೊಂಡು ನನ್ನ ಮುಂದೆ ಬಂದಳು. ಸರ್ಟಿಫಿಕೇಟನ್ನು ಎರಡೂ ಕೈಯಿಂದ ಕೊಟ್ಟೆ. ಓದಲು ಬಾರದವಳು, ಬೆರಳಿಟ್ಟು ಮೊದಲ ಸಾಲಿನಿಂದ ಕೆಂಪು ಮುದ್ರೆಯವರೆಗೆ ಹುಡುಕುತ್ತ ಬಂದಳು. ನನ್ನ ಹೆಸರು ಇಲ್ಲಿದೆ ಅವ್ವಾ, ಅಂತ ತೋರಿಸಿದೆ.

"ನಿಂದಿರಲಿ," ಅಂದಳು. "ಆ ತಾಯಿ ಹೆಸರು ಎಲ್ಲಿ ಬರದಾರಪಾ?"